ಕಟ್ಟೆಗೆ ಒಂದು ಕಡೆ ಇಳಿಜಾರು ಬಿಡಿ

ಹಾಸನ ಜಿಲ್ಲೆಯ ನಮ್ಮ ಜಾವಗಲ್ ಕಡೆ ಈಗ ಯಾವ ಊರಿಗೆ ಹೋದರೂ ಹೊಸ ಬಗೆಯ ಕಟ್ಟೆ, ಅಂದರೆ ಸಣ್ಣ ಕೆರೆ, ಕಾಣುತ್ತದೆ. ಜಾಗ ಹಳೆಯದೇ. ಆದರೆ ಜೆಸಿಬಿ ಇಳಿದು ಹೂಳು ತೆಗೆದಿದೆ. ನಾಲ್ಕೂ ಕಡೆ ದಡವನ್ನು ನೇರವಾಗಿ ಕಡಿದಿದ್ದಾರೆ. ತೆಗೆದ ಮಣ್ಣು ಅಲ್ಲೇ ದಡದ ಮೇಲೆ ಗುಡ್ಡೆ ಬಿದ್ದಿದೆ. ಸುತ್ತ ತಂತಿಬೇಲಿ, ಮುಂದೆ ಒಂದು ಬೋರ್ಡು. ಮಳೆಗಾಲದಲ್ಲಿ ತುಂಬಿ ನಿಂತಾಗ ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ದನ ಇಳಿದು ನೀರು ಕುಡಿಯಲು ಆಗುವುದಿಲ್ಲ. ಕಾಲು ಜಾರಿದ ಮಗುವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಈ ಕೆಲಸ ಮಾಡಿಸಿದವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಕಟ್ಟೆ ಉಳಿಯಲಿ ಅಂತಲೇ ಮಾಡಿಸಿದ್ದಾರೆ. ಆದರೆ ಕಟ್ಟೆಯ ಜೀವ ಇರುವುದು ಅದರ ಅಂಚಿನಲ್ಲಿ. ನೀರು ಮೊಣಕಾಲಿಗೂ ಬಾರದ ಜಾಗ ಇರುತ್ತದಲ್ಲ, ಅಲ್ಲಿ. ಹೂಳಿನ ಜೊತೆ ಆ ಅಂಚನ್ನೂ ಬಾಚಿ ಹಾಕಿದರೆ ನೀರು ಉಳಿಯುತ್ತದೆ, ಕಟ್ಟೆ ಉಳಿಯುವುದಿಲ್ಲ.

ನಾನು ಇರುವುದು ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯಲ್ಲಿ, ನಾರಿಚ್ ಪಟ್ಟಣದ ಹತ್ತಿರ. ಕೆಲಸಕ್ಕೆ ಅಂತ ಬಂದು ಇಲ್ಲೇ ನೆಲೆ ನಿಂತೆ. ಇದು ಹೊಂಡಗಳ ಸೀಮೆ. ಸುಮಾರು 23 ಸಾವಿರ ಹೊಂಡಗಳಿವೆ ಅಂತ ಅಂದಾಜು. ಇಂಗ್ಲೆಂಡಿನ ಬೇರೆ ಯಾವ ಕೌಂಟಿಯಲ್ಲೂ ಇಷ್ಟಿಲ್ಲ. ಗೋಧಿ, ಬಾರ್ಲಿ, ಸಕ್ಕರೆ ಬೀಟ್ ಬೆಳೆಯುವ ದೊಡ್ಡ ದೊಡ್ಡ ಹೊಲಗಳ ನಡುವೆ, ಬೇಲಿಸಾಲಿನ ಪಕ್ಕದಲ್ಲಿ ಒಂದೊಂದು ಹೊಂಡ. ಇನ್ನೊಂದು ವಿಷಯ ಕೇಳಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600ರಿಂದ 700 ಮಿಲಿಮೀಟರ್. ನಮ್ಮ ಅರಸೀಕೆರೆ ಸೀಮೆಗೂ ಹೆಚ್ಚುಕಡಿಮೆ ಅಷ್ಟೇ. ಇಂಗ್ಲೆಂಡ್ ಅಂದರೆ ಮಳೆಯ ದೇಶ ಅಂತ ಊರಲ್ಲಿ ಎಲ್ಲರೂ ತಿಳಿದಿದ್ದಾರೆ. ಸಕಲೇಶಪುರದ ಮಳೆ 2,000 ಮಿಲಿಮೀಟರ್ ದಾಟುತ್ತದೆ. ಅದರ ಮುಂದೆ ನಾರ್ಫೋಕ್ ಬಯಲುಸೀಮೆಯೇ. ವ್ಯತ್ಯಾಸ ಇರುವುದು ಬೀಳುವ ರೀತಿಯಲ್ಲಿ. ಇಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಹನಿಯುತ್ತದೆ. ನಮ್ಮಲ್ಲಿ ಕೆಲವೇ ತಿಂಗಳಲ್ಲಿ ಸುರಿದು ಹೋಗುತ್ತದೆ, ಉಳಿದದ್ದನ್ನು ಬಿಸಿಲು ಕುಡಿಯುತ್ತದೆ.

ಇಲ್ಲಿನ ಹೊಂಡಗಳು ಹುಟ್ಟಿದ ಬಗೆ ಕೇಳಿದಾಗ ನನಗೆ ನಮ್ಮೂರೇ ನೆನಪಾಯಿತು. ಇವುಗಳಲ್ಲಿ ಬಹಳಷ್ಟು ಮಾರ್ಲ್ ಅನ್ನುವ ಸುಣ್ಣದಂಶದ ಜೇಡಿಮಣ್ಣಿಗಾಗಿ ತೋಡಿದ ಗುಂಡಿಗಳು. ಇನ್ನೂರು ಮುನ್ನೂರು ವರ್ಷಗಳ ಹಿಂದೆ ರೈತರು ಆ ಮಣ್ಣನ್ನು ಕುದುರೆಗಾಡಿಯಲ್ಲಿ ತುಂಬಿ ಹೊಲಕ್ಕೆ ಹರಡುತ್ತಿದ್ದರು. ಹುಳಿ ನೆಲ ಸರಿಹೋಗಲಿ ಅಂತ. ಗುಂಡಿಗೆ ಗಾಡಿ ಇಳಿಯಬೇಕು, ತುಂಬಿದ ಗಾಡಿ ಮೇಲೆ ಬರಬೇಕು. ಹಾಗಾಗಿ ಒಂದು ಕಡೆ ಕಡಿದಾಗಿದ್ದರೂ ಇನ್ನೊಂದು ಕಡೆ ಉದ್ದನೆಯ ಇಳಿಜಾರು. ಮಣ್ಣು ತೆಗೆಯುವುದು ನಿಂತಮೇಲೆ ನೀರು ನಿಂತಿತು, ಆ ಇಳಿಜಾರೇ ಹೊಂಡದ ಅಂಚಾಯಿತು.

ನಮ್ಮಲ್ಲೂ ಗಾಡಿ ಇಳಿಯುತ್ತಿತ್ತು, ಅಲ್ವಾ? ಬೇಸಿಗೆಯಲ್ಲಿ ಕೆರೆ ಒಣಗಿದರೆ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುವ ಕೆಲಸ. ಎತ್ತಿನಗಾಡಿ ಕಟ್ಟಿಕೊಂಡು ಕೆರೆಯಂಗಳಕ್ಕೆ ಇಳಿದು, ಬಿರುಕು ಬಿಟ್ಟ ಕರಿ ಗೋಡನ್ನು ಹಾರೆಯಲ್ಲಿ ಎಬ್ಬಿಸಿ, ತುಂಬಿ, ಹೊಲಕ್ಕೆ ಸುರಿಯುತ್ತಿದ್ದರು. ರಾಗಿ ಹೊಲಕ್ಕೆ, ತೆಂಗಿನ ಬುಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇರಲಿಲ್ಲ. ಹೂಳೆತ್ತಲು ಯಾರೂ ಟೆಂಡರ್ ಕರೆಯಬೇಕಿರಲಿಲ್ಲ. ಎತ್ತು ಎಳೆಯುವಷ್ಟೇ ಇಳಿಜಾರು, ಗಾಡಿ ಹಿಡಿಯುವಷ್ಟೇ ಮಣ್ಣು. ಕೆರೆಯ ಆಕಾರ ತಾನಾಗಿಯೇ ಉಳಿಯುತ್ತಿತ್ತು.

ಗಾಡಿ ನಿಂತಮೇಲೆ ಎರಡೂ ಕಡೆ ಕೆಟ್ಟಿತು. ನಾರ್ಫೋಕಿನಲ್ಲಿ ಎರಡನೇ ಮಹಾಯುದ್ಧದ ನಂತರ ಹೊಲ ದೊಡ್ಡದು ಮಾಡುವ ಭರದಲ್ಲಿ ಬೇಲಿ ಕಿತ್ತರು, ಬೇಕಾದಷ್ಟು ಹೊಂಡ ಮುಚ್ಚಿದರು. ಮುಚ್ಚದೆ ಉಳಿದವುಗಳ ಸುತ್ತ ವಿಲೋ ಮರ, ಮುಳ್ಳುಪೊದೆ ಬೆಳೆದು ನೀರಿಗೆ ಬಿಸಿಲೇ ಬೀಳದ ಹಾಗಾಯಿತು. ಎಲೆ ಕೊಳೆತು ಕಪ್ಪು ಕೆಸರು ತುಂಬಿತು. ನಮ್ಮಲ್ಲಿ ಹೂಳು ತುಂಬಿತು, ಸೀಮೆಜಾಲಿ ಎದ್ದಿತು, ಕೆರೆಗೆ ನೀರು ತರುವ ಹಳ್ಳದ ದಾರಿಯಲ್ಲಿ ತೋಟ ಬಂತು.

ಆಮೇಲೆ ಇವರು ಏನು ಮಾಡಿದರು ಅನ್ನುವುದನ್ನು ನಮ್ಮವರಿಗೆ ಹೇಳಲೇಬೇಕು. 2014ರಲ್ಲಿ ನಾರ್ಫೋಕ್ ಪಾಂಡ್ಸ್ ಪ್ರಾಜೆಕ್ಟ್ ಅಂತ ಒಂದು ಕೆಲಸ ಶುರುವಾಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು, ಇಲ್ಲಿನ ರೈತರು, ಪ್ರಕೃತಿ ಸಂರಕ್ಷಣೆಯ ಸಂಘಗಳು ಸೇರಿದರು. ಇಲ್ಲೂ ಹೂಳು ತೆಗೆಯುವುದು ಯಂತ್ರವೇ. ನಮ್ಮ ಮನೆಯ ಹತ್ತಿರದ ಹೊಲದಲ್ಲಿ ಒಂದು ಹೊಂಡದ ಹೂಳು ತೆಗೆಯುವಾಗ ನಾನು ನಿಂತು ನೋಡಿದೆ. ಮೊದಲು ದಕ್ಷಿಣದ ಕಡೆಯ ಮರಗಳನ್ನು ಕಡಿದು ಬಿಸಿಲಿಗೆ ದಾರಿ ಮಾಡಿದರು. ಕೆಲವು ಮರ ಹಾಗೇ ಬಿಟ್ಟರು. ಆಮೇಲೆ ಯಂತ್ರ ನಿಧಾನವಾಗಿ ಕಪ್ಪು ಕೆಸರು ಎತ್ತುತ್ತಾ ಬಂತು. ಮಣ್ಣಿನ ಬಣ್ಣ ಬದಲಾಗಿ ಹಳೆಯ ತಳ ಕಂಡ ಕೂಡಲೇ ಡ್ರೈವರ್ ಕೈ ನಿಲ್ಲಿಸಿದ. ಅದರ ಕೆಳಗೆ ಒಂದು ಬಕೆಟ್ ಕೂಡ ತೆಗೆಯಲಿಲ್ಲ. ಗಾಡಿ ಇಳಿಯುತ್ತಿದ್ದ ಹಳೆಯ ಇಳಿಜಾರನ್ನು ಹುಡುಕಿ, ಅದನ್ನೇ ಮತ್ತೆ ಬಿಡಿಸಿದರು. ತೆಗೆದ ಕೆಸರನ್ನು ಹೊಲಕ್ಕೆ ಹರಡಿದರು.

ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೆಯ ನಕ್ಷೆ ನೋಡಿ, ಉತ್ತು ಬಿತ್ತಿದ ಹೊಲದಲ್ಲಿ ಮುಚ್ಚಿಹೋದ ಹೊಂಡ ಎಲ್ಲಿತ್ತು ಅಂತ ಗುರುತು ಹಿಡಿದು, ಮತ್ತೆ ತೆಗೆದರು. 2017ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, 150 ವರ್ಷದವರೆಗೆ ಮಣ್ಣಡಿ ಇದ್ದ ಎಂಟು ಜಾತಿಯ ನೀರುಗಿಡಗಳ ಬೀಜ ಮೊಳಕೆಯೊಡೆದವು. ಹಳೆಯ ತಳದ ಮಣ್ಣನ್ನು ಉಳಿಸಿದ್ದಕ್ಕೆ ಆ ಬೀಜ ಸಿಕ್ಕಿತು. ಒಂದೂ ಬಿಡದೆ ಬಾಚಿ ಟಿಪ್ಪರ್‌ಗೆ ತುಂಬಿದ್ದರೆ ಅದೂ ಹೋಗುತ್ತಿತ್ತು.

ಇಳಿಜಾರಿಗೆ ಇಷ್ಟು ಬೆಲೆ ಯಾಕೆ? ಹೊಂಡದ ಗಿಡ, ಹುಳ, ಮೀನುಮರಿ, ಗೊದಮೊಟ್ಟೆಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿರುವುದು ತೀರಾ ತೆಳುವಾದ ನೀರು. ಹತ್ತು ಸೆಂಟಿಮೀಟರ್‌ಗಿಂತ ಕಡಿಮೆ ಆಳದ ಅಂಚೇ ಎಲ್ಲಕ್ಕಿಂತ ಮುಖ್ಯ ಅಂತ ಇಲ್ಲಿನ ಸಿಹಿನೀರಿನ ತಜ್ಞರು ಮತ್ತೆ ಮತ್ತೆ ಹೇಳುತ್ತಾರೆ. ಇಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಅನ್ನುವ ಒಂದು ಪ್ರಾಣಿ ಇದೆ. ಕಪ್ಪೆಯ ಬಳಗದ್ದು, ನೋಡಲು ಹಲ್ಲಿಯ ಹಾಗೆ. ಹೆಣ್ಣು ನ್ಯೂಟ್ ಒಂದೊಂದೇ ಮೊಟ್ಟೆ ಇಟ್ಟು, ನೀರುಗಿಡದ ಎಲೆಯನ್ನು ಅದರ ಸುತ್ತ ಮಡಚುತ್ತದೆ. ಅದಕ್ಕೆ ಅಂಚಿನ ಮೆತ್ತನೆ ಗಿಡ ಬೇಕು. ಈ ಪ್ರಾಣಿಗೆ ಕಾನೂನಿನ ರಕ್ಷಣೆ ಇದೆ. ಅದಿರುವ ಹೊಂಡವನ್ನು ಮುಟ್ಟಬೇಕಾದರೆ ಮನೆ ಕಟ್ಟುವ ಕಂಪನಿಯವರೂ ಲೈಸೆನ್ಸ್ ಪಡೆಯಬೇಕು.

ನಮ್ಮ ಅಂಚಿನಲ್ಲಿ ಇರುವುದು ಕಮ್ಮಿಯೇನಲ್ಲ. ಇನ್ನೂ ಜಾಸ್ತಿಯೇ ಇದೆ. ಹೊನಗೊನ್ನೆ ಸೊಪ್ಪು ಬೆಳೆಯುವುದು ಅಲ್ಲಿ. ಒಂದೆಲಗ ಹಬ್ಬುವುದು ಅಲ್ಲಿ. ಗೌರಿ ಹಬ್ಬಕ್ಕೆ ಜೇಡಿಮಣ್ಣು ತರುವುದು ಅಲ್ಲಿಂದ. ತಾವರೆ ಎಲೆಯ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿ, ಕೆಸರು ಕೆದಕುವ ಉಲ್ಲಂಕಿ, ತೆಳುನೀರಲ್ಲಿ ಕಾಲಿಟ್ಟು ನಿಲ್ಲುವ ಬೆಳ್ಳಕ್ಕಿ, ಇವಕ್ಕೆಲ್ಲ ಆಳದ ನೀರು ಉಪಯೋಗವಿಲ್ಲ. ಎಂಟಡಿ ನೀರಿನ ಮೇಲೆ ಬೆಳ್ಳಕ್ಕಿ ಎಲ್ಲಿ ನಿಲ್ಲಬೇಕು?

ಹಿಂದಿನವರಿಗೆ ಇದು ಗೊತ್ತಿತ್ತು ಅಂತ ನಾನು ಖಂಡಿತ ನಂಬುತ್ತೇನೆ. ನಮ್ಮ ಸೀಮೆಯಲ್ಲಿ ಕೆರೆ ಅಂದರೆ ತೋಡಿದ ಗುಂಡಿಯಲ್ಲ. ಇಳಿಜಾರಾದ ನೆಲ ನೋಡಿ, ತಗ್ಗಿನ ಕಡೆ ಅಡ್ಡಲಾಗಿ ಏರಿ ಹಾಕಿದರು. ಏರಿಯ ಕಡೆ ಆಳ. ಹಿಂದಕ್ಕೆ ಹೋದಷ್ಟೂ ತೆಳು. ಸಖರಾಯಪಟ್ಟಣದ ಅಯ್ಯನಕೆರೆಯಿಂದ ಹಿಡಿದು ನಮ್ಮೂರ ಸಣ್ಣ ಕಟ್ಟೆಯವರೆಗೆ ಇದೇ ಲೆಕ್ಕ. ಕಲ್ಲಲ್ಲಿ ಕಟ್ಟಿದಾಗಲೂ ಬಿಡಲಿಲ್ಲ. ಹಳೇಬೀಡಿನ ಹತ್ತಿರ ಹುಲಿಕೆರೆಯ ಹೊಯ್ಸಳರ ಕಲ್ಯಾಣಿ ನೋಡಿ. ಸುತ್ತಲೂ ಮೆಟ್ಟಿಲು. ನೀರು ಎಷ್ಟೇ ಇಳಿದರೂ ಅದರ ಅಂಚಿಗೆ ಕಾಲೂರಿ ತಲುಪಬಹುದು. ಎಂಟುನೂರು ವರ್ಷ ದಾಟಿದ ಆ ಕಲ್ಯಾಣಿಗಿಂತ ನಿನ್ನೆ ತೆಗೆದ ನಮ್ಮ ಕಟ್ಟೆಗೆ ಇಳಿಯುವುದು ಕಷ್ಟ.

ಕಳೆದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಹತ್ತಿರ ಇದನ್ನೇ ಹೇಳಿದೆ. "ಅಲ್ಲ ಕಣೋ, ಎತ್ತೇ ಇಲ್ಲ ಊರಲ್ಲಿ. ಸೀಮೆಹಸು ಕೊಟ್ಟಿಗೇಲಿ ನಲ್ಲಿ ನೀರು ಕುಡೀತವೆ. ಇಳಿಜಾರು ಯಾರಿಗೆ ಬಿಡೋದು? ತೆಳ್ಳಗೆ ನಿಂತ್ರೆ ಬಿಸಿಲಿಗೆ ಆರೋಗುತ್ತೆ. ಆಳ ಇದ್ರೆ ಬೋರಿಗಾದ್ರೂ ಆಯ್ತದೆ" ಅಂದರು. ಅವರ ಮಾತಿನಲ್ಲಿ ತೂಕ ಇದೆ. ನಾರ್ಫೋಕಿನಲ್ಲಿ ಏಪ್ರಿಲ್ ಬಿಸಿಲು ನೀರನ್ನು ಹೀರುವುದಿಲ್ಲ, ನಮ್ಮಲ್ಲಿ ಹೀರುತ್ತದೆ. ಆಳ ಬೇಡ ಅಂತ ಯಾರೂ ಹೇಳಬಾರದು. ಆದರೆ "ಚಿಕ್ಕಪ್ಪ, ಆಳ ಏರಿ ಕಡೆ ಇರಲಿ, ಹಿಂದುಗಡೆ ಯಾಕೆ ಕಡೀಬೇಕು?" ಅಂತ ಕೇಳಿದೆ. ಅದಕ್ಕೆ ಅವರು, "ಅದು ಸರಿಯೇ. ಹಿಂದುಗಡೆ ಕಡಿದಿದ್ದಕ್ಕೇ ನೋಡು, ನೀರು ಬರದ ಜಾಗದಲ್ಲಿ ಆಗಲೇ ತೆಂಗಿನ ಸಸಿ ಬಂದೈತೆ" ಅಂದರು. ನನಗೆ ಹೊಳೆಯದೇ ಇದ್ದ ಮಾತು ಅದು. ಆಳ ತೋಡಿದಾಗ ನೀರು ಗುಂಡಿಯಲ್ಲೇ ನಿಲ್ಲುತ್ತದೆ, ಹರಡುವುದಿಲ್ಲ. ಹಿಂದಿನ ತೆಳುನೀರಿನ ಜಾಗ ಒಣನೆಲವಾಗುತ್ತದೆ. ಒಣನೆಲಕ್ಕೆ ಬೇಲಿ ಬೀಳಲು ಎಷ್ಟು ದಿನ ಬೇಕು? ಅಂದರೆ ಇಳಿಜಾರಿನ ಮೇಲೆ ನಿಂತ ನೀರೇ ಕೆರೆಯ ಗಡಿಯನ್ನೂ ಕಾಯುತ್ತಿತ್ತು.

ತಪ್ಪು ಅಳತೆಯಲ್ಲಿ ಇದೆ ಅಂತ ನನಗೆ ಅನಿಸುತ್ತದೆ. ಎಷ್ಟು ಘನಮೀಟರ್ ಮಣ್ಣು ತೆಗೆದಿರಿ ಅನ್ನುವುದಕ್ಕೆ ಬಿಲ್ಲು ಆಗುತ್ತದೆ. 2022ರ ಏಪ್ರಿಲ್‌ನಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಪ್ರತಿ ಜಿಲ್ಲೆಗೆ 75 ಕೆರೆಗಳ ಗುರಿ ಇತ್ತು. ಒಂದೊಂದೂ ಕನಿಷ್ಠ 1 ಎಕರೆ ಇರಬೇಕಿತ್ತು, 10,000 ಘನಮೀಟರ್ ನೀರು ಹಿಡಿಯಬೇಕಿತ್ತು. ಒಳ್ಳೆಯ ಯೋಜನೆ, ಸಣ್ಣ ಕೆರೆಗಳ ಕಡೆ ಕಣ್ಣು ಹಾಯಿಸಿತು. ಆದರೆ ಲೆಕ್ಕ ಹಾಕಿ ನೋಡಿ. ಒಂದೇ ಎಕರೆಯಲ್ಲಿ ಅಷ್ಟು ನೀರು ನಿಲ್ಲಿಸಬೇಕಾದರೆ ಸರಾಸರಿ ಎರಡೂವರೆ ಮೀಟರ್ ಆಳ ಬೇಕು. ಅಷ್ಟು ಆಳಕ್ಕೆ ನಾಲ್ಕೂ ಕಡೆ ಕಡಿದಾಗಿಯೇ ಇಳಿಯಬೇಕಾಗುತ್ತದೆ. ಸಣ್ಣ ಕಟ್ಟೆಗೆ ಹೊಂದುವ ಅಳತೆ ಬೇರೆ ಇರಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳದ್ದೂ ಇದೇ ಕಥೆ. ಜಾರುವ ಹಾಳೆಯ ಮೇಲೆ ಮಕ್ಕಳು ಹತ್ತಲಾಗದೆ ಮುಳುಗಿದ ಸುದ್ದಿ ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಆಲೂರು, ಸಕಲೇಶಪುರದ ಕಾಫಿ ತೋಟಗಳ ಕಡೆ ನೀರಿಗೆ ಬಂದ ಆನೆ ಹೊಂಡದಲ್ಲಿ ಸಿಕ್ಕಿಕೊಂಡರೆ ಏನು ಮಾಡುತ್ತಾರೆ? ಜೆಸಿಬಿ ತಂದು ಒಂದು ದಡ ಕೆಡವಿ ಇಳಿಜಾರು ಮಾಡುತ್ತಾರೆ. ಅದನ್ನು ಮೊದಲೇ ಮಾಡಿದ್ದರೆ ಆಗುತ್ತಿತ್ತಲ್ಲ.

ನಾರ್ಫೋಕಿನದನ್ನು ಹಾಗೇ ಎತ್ತಿ ಹಾಸನಕ್ಕೆ ತರಲು ಬರುವುದಿಲ್ಲ. ಇಲ್ಲಿ ಹೊಂಡ ಒಬ್ಬ ರೈತನದು. ಅವನೊಬ್ಬ ಒಪ್ಪಿದರೆ ಸಾಕು. ಸರ್ಕಾರದಿಂದ ಅವನಿಗೆ ಸ್ವಲ್ಪ ಹಣವೂ ಬರುತ್ತದೆ. ನಮ್ಮ ಕಟ್ಟೆ ಊರಿನದು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನಡುವಿನ ಒಂದು ಹಳ್ಳ ಮುಚ್ಚಿದರೆ ನಾಲ್ಕು ಊರಿಗೆ ಬರ. ಇಲ್ಲಿನ ಹೊಂಡಗಳಿಗೆ ಆ ನಂಟಿಲ್ಲ. ಹಾಗೆಯೇ ನಮ್ಮ ಪ್ರೀತಿಯೂ ಇಲ್ಲಿಲ್ಲ. ಕೆರೆ ಕೋಡಿ ಬಿತ್ತು ಅಂದರೆ ಊರಿಗೆ ಊರೇ ಏರಿಯ ಮೇಲೆ ಬಂದು ನಿಲ್ಲುತ್ತದೆ, ಹೆಂಗಸರು ಬಾಗಿನ ತರುತ್ತಾರೆ. ಇಲ್ಲಿ ಹೊಂಡ ತುಂಬಿದರೆ ಯಾರೂ ಗಂಗೆ ಪೂಜೆ ಮಾಡುವುದಿಲ್ಲ. ಹಾಸನದಲ್ಲಿ ಹಸಿರುಭೂಮಿ ಪ್ರತಿಷ್ಠಾನದವರು ಕಲ್ಯಾಣಿ, ಕಟ್ಟೆಗಳಿಗೆ ಮತ್ತೆ ಜೀವ ಕೊಡುವ ಕೆಲಸಕ್ಕೆ ಜನರನ್ನು ಸೇರಿಸಿದಾಗ ಜನ ಬಂದದ್ದು ಆ ಪ್ರೀತಿಯಿಂದಲೇ. ನಮಗೆ ಇಲ್ಲಿಂದ ಬೇಕಾಗಿರುವುದು ಎಲ್ಲಿ ಕೈ ನಿಲ್ಲಿಸಬೇಕು ಅನ್ನುವ ತಿಳಿವಳಿಕೆ ಮಾತ್ರ.

ಹಾಗಾಗಿ ಊರಲ್ಲಿರುವ ಗೆಳೆಯರಲ್ಲಿ, ಪಂಚಾಯಿತಿ ಸದಸ್ಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಕಟ್ಟೆ ಹೂಳೆತ್ತುವ ವಿಷಯ ಬಂದರೆ, ಎಸ್ಟಿಮೇಟ್ ಆಗುವ ಮೊದಲೇ ಇಷ್ಟು ಬರೆಸಿ: ಏರಿಯ ಬುಡ ಬಿಟ್ಟು, ಅದರ ಮುಂದೆ ಆಳ ಮಾಡುವುದು. ನೀರು ಬರುವ ಕಡೆ ಹಳೆಯ ತಳ ಸಿಕ್ಕ ಕೂಡಲೇ ನಿಲ್ಲಿಸುವುದು. ಆ ಕಡೆ ಒಂದು ಅಡಿ ಇಳಿಯಲು ಹತ್ತು ಅಡಿ ನಡೆಯುವಷ್ಟಾದರೂ ಇಳಿಜಾರು ಬಿಡುವುದು. ಜೊಂಡು, ಸೊಪ್ಪು ಇರುವ ಒಂದು ಮೂಲೆಯನ್ನು ಆ ವರ್ಷ ಮುಟ್ಟದಿರುವುದು. ತೆಗೆದ ಗೋಡನ್ನು ದಡದ ಮೇಲೆ ಹಾಕದೆ ರೈತರ ಹೊಲಕ್ಕೆ ಕೊಡುವುದು. ಇದಕ್ಕೆ ಹಣ ಜಾಸ್ತಿ ಬೇಕಿಲ್ಲ, ತೋಡುವ ಮಣ್ಣೇ ಕಮ್ಮಿಯಾಗುತ್ತದೆ. ಕೆಲಸ ನಡೆಯುವ ದಿನ ಊರಿನ ಹಿರಿಯರೊಬ್ಬರನ್ನು, ಹಿಂದೆ ಗೋಡು ಹೊಡೆದವರನ್ನು, ಯಂತ್ರದ ಪಕ್ಕ ನಿಲ್ಲಿಸಿ. ಹಳೆಯ ತಳ ಯಾವುದು ಅಂತ ಅವರು ಮಣ್ಣು ನೋಡಿಯೇ ಹೇಳುತ್ತಾರೆ.