ಮಾರುವ ಮನೆಯ ಸುಣ್ಣಬಣ್ಣ

ಬಾಡಿಗೆಗೆ ಕೊಡುವ ಮನೆಗೆ ಒಂದು ಕೋಟ್ ಸುಣ್ಣ, ಮದುವೆಯ ಮನೆಗೆ ಎರಡು ಕೋಟ್ ಡಿಸ್ಟೆಂಪರ್, ಮಾರುವ ಮನೆಗೆ ಪುಟ್ಟಿ ಹಚ್ಚಿ ಎಮಲ್ಷನ್: ದಾವಣಗೆರೆಯ ಪೇಂಟರುಗಳು ಉದ್ದೇಶವನ್ನು ಕೇಳಿದ ಮೇಲೆಯೇ ಡಬ್ಬಿಯ ಮುಚ್ಚಳ ತೆರೆಯುತ್ತಾರೆ. ವರ್ಷಗಟ್ಟಲೆ ವಾಸವಿದ್ದವರಿಗೆ ಸಾಕಾಗಿದ್ದ ಗೋಡೆ, ಭಾನುವಾರ ಬೆಳಿಗ್ಗೆ ಕಾಲು ಗಂಟೆ ನೋಡಿಹೋಗುವ ಅಪರಿಚಿತರಿಗೆ ಸಾಲದು ಎಂಬುದು ಮನೆಮಂದಿಗೆಲ್ಲ ಒಮ್ಮೆಲೇ ಹೇಗೆ ಹೊಳೆಯುತ್ತದೆಯೋ ಕಾಣೆ. ಮಳೆಗಾಲದಲ್ಲಿ ಉಬ್ಬಿ, ಭುಜ ಕೊಟ್ಟು ತಳ್ಳಬೇಕಾಗಿದ್ದ ಬಚ್ಚಲ ಬಾಗಿಲು, ಫ್ಯಾನಿಗೆಂದು ಒತ್ತಿದರೆ ಪಡಸಾಲೆಯ ದೀಪ ಹತ್ತಿಸುತ್ತಿದ್ದ ಸ್ವಿಚ್ಚು, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಬೆಳ್ಳಗಾದ ನಲ್ಲಿ, ಇವೆಲ್ಲ ಮಾರಾಟದ ಮಾತು ಬಂದ ವಾರದಲ್ಲೇ ದುರಸ್ತಿಯಾಗುತ್ತವೆ. "ಅಲ್ರೀ, ಇದನ್ನ ಮೊದ್ಲೇ ಮಾಡ್ಸಿದ್ರೆ ನಾವೂ ಸುಖ ಪಡ್ತಿದ್ವಲ್ರೀ" ಎಂಬ ಮನೆಯಾಕೆಯ ಮಾತಿಗೆ ಯಜಮಾನರು ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಮನೆ ತೋರಿಸುವ ಮೊದಲು ಅದರಲ್ಲಿ ವಾಸಿಸುವವರ ಗುರುತುಗಳನ್ನೆಲ್ಲ ತೆಗೆದಿಡಬೇಕು, ಬಂದವರು ಅಲ್ಲಿ ತಮ್ಮನ್ನೇ ಕಲ್ಪಿಸಿಕೊಳ್ಳುವಂತಿರಬೇಕು ಎಂಬ ಸಲಹೆಯನ್ನು ಮೊಬೈಲಿನ ವೀಡಿಯೊಗಳಲ್ಲಿ ಕೇಳಿದ ಮಕ್ಕಳು ತಂದೆತಾಯಿಗಳಿಗೆ ಒಪ್ಪಿಸುತ್ತಾರೆ. ಅಡುಗೆಮನೆಯ ಗೋಡೆಯಲ್ಲಿ ಪೆನ್ಸಿಲಿನಿಂದ ಬರೆದ ಗ್ಯಾಸ್ ಮತ್ತು ನೀರಿನ ಟ್ಯಾಂಕರಿನವರ ನಂಬರುಗಳು, ಬೆಂಗಳೂರು ಪ್ರೆಸ್ ಕ್ಯಾಲೆಂಡರು ನೇತುಹಾಕಿದ ಮೊಳೆ, ಆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ಹಾಕಿದ ಸೊನ್ನೆಗಳು ಮರೆಯಾಗುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಹುರುಪಿನಲ್ಲಿ ದೇವರ ಜಗುಲಿಯನ್ನೂ ಬರಿದು ಮಾಡಿದರೆ ಕೆಲಸ ಕೆಟ್ಟಿತು. ನಮ್ಮ ಊರಿನ ಕೊಳ್ಳುವವರು ಒಳಗೆ ಬಂದು ದೀಪವಿಲ್ಲದ ದೇವರಮನೆಯನ್ನು ಕಂಡರೆ, ತಮ್ಮನ್ನು ಅಲ್ಲಿ ಕಲ್ಪಿಸಿಕೊಳ್ಳುವ ಬದಲು, ಇಲ್ಲಿ ಏನು ನಡೆದಿರಬಹುದೆಂದು ಕಲ್ಪಿಸಿಕೊಳ್ಳತೊಡಗುತ್ತಾರೆ.

ಹೊಸ ಬಣ್ಣದ ಸಂಗತಿಯೂ ಹಾಗೆಯೇ. ಅದರ ವಾಸನೆ ಆರದ ಮನೆಗೆ ಕಾಲಿಟ್ಟ ಅನುಭವಿಗಳು ಮೊದಲು ಮಾಡುವ ಕೆಲಸವೆಂದರೆ, ಮೂಲೆಯಲ್ಲಿ ಉಗುರಿನಿಂದ ಕೆರೆದು, ಬೆರಳ ಗೆಣ್ಣಿನಿಂದ ಗೋಡೆಯನ್ನು ಬಡಿದು, ಅಲ್ಮೇರಾದ ಹಿಂದೆ ಇಣುಕುವುದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು. ಅದರ ಮೇಲೆ ತಳಪಾಯ ಸಾಲದೆ ಎದ್ದ ಗೋಡೆಗಳು ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುವುದನ್ನು ಈ ಕಡೆಯವರೆಲ್ಲ ನೋಡಿದ್ದಾರೆ. ಅಂಥ ಸೀಳಿಗೆ ಪುಟ್ಟಿ ತುಂಬಿ ಸುಮ್ಮನಿರುವವರು, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮಿನ ಪ್ರಕಾರ, ಸಾಧಾರಣ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ, ತಮಗೆ ಮಾತ್ರ ತಿಳಿದಿರುವ ಮುಖ್ಯ ದೋಷವನ್ನು ಮಾರುವವರೇ ಕೊಳ್ಳುವವರಿಗೆ ತಿಳಿಸಬೇಕು ಎಂಬುದನ್ನು ಅರಿತಿರುವುದು ಒಳ್ಳೆಯದು. ಪೇಂಟರಿಗೆ ಈ ಕಲಮು ಗೊತ್ತಿರಬೇಕಾಗಿಲ್ಲ.

ಇಷ್ಟೆಲ್ಲ ಸಿಂಗಾರವನ್ನು ನೋಡಿಯೂ ನೋಡದಂತೆ ಬಂದವರು ನೇರವಾಗಿ ಸಂಪಿನ ಮುಚ್ಚಳದ ಬಳಿಗೆ ಹೋಗುತ್ತಾರೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರಿನದು, ಬೋರ್ ಎಷ್ಟು ಅಡಿಗೆ ಹೋಗಿದೆ ಎಂಬ ಮೂರು ಪ್ರಶ್ನೆಗಳ ಮುಂದೆ ಇಟಾಲಿಯನ್ ಮಾರ್ಬಲ್ಲೂ ಮಂಕಾಗುತ್ತದೆ. ಭದ್ರಾ ನಾಲೆಯ ನೀರು ನಿಂತ ಮೇಲೆ ಕುಂದವಾಡ ಕೆರೆ ಇಳಿಯುವುದನ್ನು ಕಂಡ ಊರಿನಲ್ಲಿ ಇದು ಸಹಜವೇ. ಮಾರುವವರಲ್ಲಿ ಜಾಣರಾದವರು ಮನೆ ತೋರಿಸಲು ನಲ್ಲಿ ಬರುವ ದಿನವನ್ನೇ ಆರಿಸುತ್ತಾರೆ; ಕೊಳ್ಳುವವರಲ್ಲಿ ಜಾಣರಾದವರು ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ.

ನೀರಾದ ಮೇಲೆ ಕಾಗದಪತ್ರ. ಹೊದಿಕೆ ಬದಲಿಸಿದ ಸೋಫಾಕ್ಕಿಂತ, ಇ-ಖಾತೆ, ತೆರಿಗೆ ಕಟ್ಟಿದ ರಸೀದಿ, ಮೂಲ ಕ್ರಯಪತ್ರ ಮತ್ತು ಋಣಭಾರ ಪ್ರಮಾಣಪತ್ರ ಒಂದೇ ಫೈಲಿನಲ್ಲಿ ಕ್ರಮವಾಗಿರುವುದು ಹೆಚ್ಚು ಮೆಚ್ಚುಗೆ ಪಡೆಯುತ್ತದೆ ಎಂದು ನಾನು ನಂಬುತ್ತೇನೆ. ಆ ಪ್ರಮಾಣಪತ್ರ ನಮೂನೆ 15ರಲ್ಲಿ ಬಂದರೆ ಆಸ್ತಿಯ ಮೇಲೆ ನಡೆದ ವ್ಯವಹಾರಗಳ ಪಟ್ಟಿ, ನಮೂನೆ 16ರಲ್ಲಿ ಬಂದರೆ ಕೇಳಿದ ಅವಧಿಯಲ್ಲಿ ಏನೂ ನೋಂದಣಿಯಾಗಿಲ್ಲವೆಂಬ ಹೇಳಿಕೆ. ಇಷ್ಟನ್ನು ಬಲ್ಲ ಮಾವನೋ ಷಡ್ಡಕನೋ ಕೊಳ್ಳುವವರ ಜೊತೆ ಬಂದೇ ಬಂದಿರುತ್ತಾರೆ. ಮನೆಗೆ ಬಣ್ಣ ಹೊಡೆಸಲು ವಾರ ಸಾಕು, ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದ ಖಾತೆಯನ್ನು ಅಣ್ಣತಮ್ಮಂದಿರ ಒಪ್ಪಿಗೆಯೊಂದಿಗೆ ಬದಲಿಸಲು ಎಷ್ಟು ವಾರ ಬೇಕೋ.

ವಾಸ್ತುವಿನ ವಿಷಯದಲ್ಲಿ ಮಾತ್ರ ಯಾವ ಸಿದ್ಧತೆಯೂ ನಡೆಯುವುದಿಲ್ಲ, ಏಕೆಂದರೆ ಬಾಗಿಲನ್ನು ತಿರುಗಿಸಿ ನಿಲ್ಲಿಸಲಾಗದು. ಒಪ್ಪಿ ಕೊಂಡವರೂ ಒಲೆಯ ಕಟ್ಟೆಯನ್ನು ಆಗ್ನೇಯಕ್ಕೆ ಸರಿಸಿ, ಮಾರಾಟಕ್ಕೆಂದೇ ಬಳಿದ ಎಮಲ್ಷನ್ನಿನ ಮೇಲೆ ತಮಗಿಷ್ಟದ ಬಣ್ಣ ಹೊಡೆಸಿಯೇ ಗೃಹಪ್ರವೇಶ ಮಾಡುತ್ತಾರೆ. ಇದು ಗೊತ್ತಿದ್ದೂ ಮಾರುವವರು ಬಣ್ಣ ಹೊಡೆಸುವುದು ಬಿಡುವುದಿಲ್ಲ. ಮಾಸಿದ ಗೋಡೆಯನ್ನು ತೋರಿಸಿ ಬೆಲೆ ಹೇಳಲು ಬಾಯಿ ಬಾರದು.

ಎಲ್ಲ ಮುಗಿದು ಚಹಾ ಬಂದಾಗ ಕೇಳುವ ಪ್ರಶ್ನೆ ಒಂದೇ: "ಇಷ್ಟು ಚಲೋ ಮನಿ, ಮತ್ಯಾಕ್ರೀ ಮಾರ್ತೀರಿ?" ಇದಕ್ಕೆ ಉತ್ತರವನ್ನು ಪುಟ್ಟಿ ಹಚ್ಚುವ ಮೊದಲೇ ಸಿದ್ಧಮಾಡಿಕೊಂಡಿರಬೇಕು. ಮಗ ಬೆಂಗಳೂರಿನಲ್ಲಿದ್ದಾನೆ, ಅಲ್ಲಿಗೇ ಹೋಗುತ್ತೇವೆ ಎಂಬ ಉತ್ತರವನ್ನು ಎಂ.ಸಿ.ಸಿ. ಬಿ ಬ್ಲಾಕಿನಿಂದ ನಿಟುವಳ್ಳಿಯವರೆಗೆ ಯಾರೂ ಅನುಮಾನಿಸುವುದಿಲ್ಲ. ಆಮೇಲೆ ಯಾವ ಕಂಪನಿ, ಎಷ್ಟು ಸಂಬಳ, ಲಗ್ನ ಆಗಿದೆಯೇ ಎಂದು ಮಾತು ಮುಂದುವರಿದರೆ, ದಲ್ಲಾಳಿ ತನ್ನ ಚಹಾದ ಲೋಟವನ್ನು ಕೆಳಗಿಟ್ಟು, ರೇಟಿನ ವಿಷಯವನ್ನು ಎತ್ತುತ್ತಾನೆ.