ಬಾಯಾರಿನ ಸುರಂಗ ಪುಣೆಗೆ ಹೋಯಿತು, ವಿಳಾಸ ಹೋಗಲಿಲ್ಲ

ಮೊನ್ನೆ ರಾತ್ರಿ ಊಟ ಮುಗಿಸಿ ಫೋನ್ ತೆಗೆದರೆ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಉದ್ದದ ಬರಹ ಬಂದಿತ್ತು. ಕಳಿಸಿದವಳು ಚಿಕ್ಕಮ್ಮನ ಮಗಳು, ಅವಳಿರುವುದು ಪುಣೆಯಲ್ಲಿ. "ಅಕ್ಕ, ಇದನ್ನು ಓದು. ನಿಮ್ಮ ಬಾಯಾರಿನ ಸುರಂಗದ ಬಗ್ಗೆ ಯಾರೋ ಎಷ್ಟು ಚೆಂದ ಬರೆದಿದ್ದಾರೆ ನೋಡು" ಎಂದು ಮೇಲೊಂದು ಮಾತು. ಬರಹದ ಕೊನೆಗೆ "ಕೃಪೆ: ವಾಟ್ಸಾಪ್".

ಅದು ನಾನು ಬರೆದದ್ದು, ಕಾಸರಗೋಡು ಜಿಲ್ಲೆಯ ನಮ್ಮೂರು ಬಾಯಾರಿನಲ್ಲಿ ನೀರಿಗಾಗಿ ಗುಡ್ಡ ಕೊರೆದ ಸುರಂಗಗಳ ಬಗ್ಗೆ. ಹನ್ನೊಂದು ತಿಂಗಳ ಹಿಂದೆ, ಹಗಲಿಡೀ ಅಡಿಕೆ ಸುಲಿಯುವ ಕೆಲಸ ಮುಗಿಸಿ, ನಾಲ್ಕು ರಾತ್ರಿ ಕೂತು ಬರೆದದ್ದು. ಒಂದಕ್ಷರವೂ ಬದಲಾಗಿರಲಿಲ್ಲ. ಮೇಲಿದ್ದ ನನ್ನ ಹೆಸರು ಇರಲಿಲ್ಲ, ಕೊನೆಯ ಪ್ಯಾರಾ ಇರಲಿಲ್ಲ, ಅಷ್ಟೆ.

ಹೆಸರು ಹೋದದ್ದನ್ನು ಸಹಿಸಿಕೊಂಡೇನು. ಆ ಕೊನೆಯ ಪ್ಯಾರಾ ಹೋದದ್ದು ಮಾತ್ರ ಎರಡು ದಿನದಿಂದ ಮನಸ್ಸು ಕೊರೆಯುತ್ತಿದೆ. ಅದರಲ್ಲಿ ನಾನು ಕೇಳಿದ್ದು ಇಷ್ಟೇ: ನಿಮ್ಮ ಮನೆಯಲ್ಲಿ ಸುರಂಗ ಇದ್ದರೆ ಎಷ್ಟು ಕೋಲು ಉದ್ದ, ಯಾರ ಕಾಲದಲ್ಲಿ ತೋಡಿದ್ದು, ಈಗಲೂ ನೀರು ಬರುತ್ತದೆಯಾ ಎಂದು ಈ ಕೊಂಡಿಯಲ್ಲಿ ಬರೆಯಿರಿ. ಬರಹ ಬರೆದದ್ದೇ ಆ ಪ್ಯಾರಾಕ್ಕಾಗಿ. ಅದನ್ನು ಕತ್ತರಿಸಿದ ಮೇಲೆ ಬರಹ ಪುಣೆಗೇನೋ ಹೋಯಿತು, ಪುಣೆಯಿಂದ ಬಾಯಾರಿಗೆ ಬರುವ ದಾರಿ ಮುಚ್ಚಿತು.

ಸುರಂಗ ಎಂತದು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಸರಗೋಡು ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಆದರೆ ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ, ಇಳಿಜಾರು ನೆಲ. ಬಿದ್ದ ನೀರು ನಿಲ್ಲುವುದಿಲ್ಲ, ತೋಡು ಹೊಳೆ ಹಿಡಿದು ಸಮುದ್ರಕ್ಕೆ ಹೋಗುತ್ತದೆ. ಗುಡ್ಡದ ಬದಿಯಲ್ಲಿ ಬಾವಿ ತೋಡಿದರೆ ಎಷ್ಟು ಆಳಕ್ಕೆ ಇಳಿದರೂ ನೀರಿನ ಭರವಸೆ ಇಲ್ಲ. ಹಾಗಾಗಿ ಹಿರಿಯರು ಗುಡ್ಡವನ್ನು ಅಡ್ಡಕ್ಕೆ ಕೊರೆದರು. ಒಬ್ಬ ಆಳು ಒಳಗೆ ಹೋಗುವಷ್ಟೇ ಅಗಲ. ಒಬ್ಬ ಪಿಕ್ಕಾಸು ಹಿಡಿದು ಅಗೆಯುವುದು, ಇನ್ನೊಬ್ಬ ಮಣ್ಣು ಹೊತ್ತು ಹೊರಗೆ ಹಾಕುವುದು. ಕೈಯ ಮೇಣದ ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಲೆಕ್ಕ, ಕೂಡಲೇ ಹೊರಗೆ ಬರಬೇಕು. ಒರತೆ ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಬಂದು ಹೊರಗಿನ ಮಣ್ಣಿನ ಕೆರೆಯಲ್ಲಿ ತುಂಬುತ್ತದೆ, ಅಲ್ಲಿಂದ ತೋಟಕ್ಕೆ. ಅಳತೆಯೆಲ್ಲ ಕೋಲಿನಲ್ಲಿ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಬಾಯಾರಿನಲ್ಲಿ ಒಂದೊಂದು ಮನೆಗೆ ಎರಡು ಮೂರು ಸುರಂಗ ಇರುವುದೂ ಉಂಟು. ತೋಡಲು ಗೊತ್ತಿದ್ದವರಿಗೆ ಈಗ ವಯಸ್ಸಾಗಿದೆ. ಕೊಳವೆಬಾವಿ ಬಂದ ಮೇಲೆ ಹೊಸದಾಗಿ ತೋಡಿಸುವವರು ಕಡಿಮೆ. ಬರೆದಿಡದಿದ್ದರೆ ಯಾವ ಸುರಂಗವನ್ನು ಯಾರು ತೋಡಿದ್ದು ಎಂದು ಹೇಳುವವರೇ ಇರುವುದಿಲ್ಲ.

ನಮ್ಮ ಸಂಗತಿ ಹೊರಗೆ ಹೋಗಲಿಕ್ಕೆ ಬೇರೆ ದಾರಿ ಎಲ್ಲುಂಟು ಹೇಳಿ. ಪತ್ರಿಕೆಗಳಲ್ಲಿ ನಮ್ಮ ಸುದ್ದಿ ಹೆಚ್ಚಾಗಿ ಕಾಸರಗೋಡು ಪುಟದಲ್ಲೇ ನಿಲ್ಲುತ್ತದೆ. ತಲಪಾಡಿ ದಾಟಿದರೆ ಆ ಪುಟದ ಜಾಗದಲ್ಲಿ ಬೇರೆ ಪುಟ. ಮಲಯಾಳದ ಚಾನೆಲಿನವರಿಗೆ ನಾವು ರಾಜ್ಯದ ತುತ್ತತುದಿ, ಬೆಂಗಳೂರಿನವರಿಗೆ ನವೆಂಬರ್ ಒಂದಕ್ಕೆ ನೆನಪಾಗುವ ಊರು. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಾವು ಯಾವ ದಾರಿ ಬಂದ್, ಯಾವುದರಲ್ಲಿ ಬಿಡುತ್ತಾರೆ ಎಂದು ತಿಳಿದುಕೊಂಡದ್ದು ಒಬ್ಬರಿಂದೊಬ್ಬರಿಗೆ ಬಂದ ಮೆಸೇಜುಗಳಲ್ಲೇ. ಒಬ್ಬರು ಇನ್ನೊಬ್ಬರಿಗೆ ಹಂಚುವುದೇ ನಮಗಿರುವ ಅಂಚೆ.

ಆ ಅಂಚೆ ಹೇಗೆ ನಡೆಯುತ್ತದೆ ಎಂದು ನಾನು ಕಲಿತದ್ದು ಎಡವಿ ಎಡವಿ. ಮೊದಲ ಸಲ ಬರಹವನ್ನು ಒಂದು ಚೆಂದದ ಪೋಸ್ಟರ್ ಮಾಡಿ, ಪಟದ ಒಳಗೇ ಅಕ್ಷರ ಕೂರಿಸಿ ಹಾಕಿದೆ. ಒಬ್ಬರೂ ಪೂರ್ತಿ ಓದಲಿಲ್ಲ. ಪಟದೊಳಗಿನ ಅಕ್ಷರವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ಓದುವ ತಾಳ್ಮೆ ಯಾರಿಗುಂಟು? ಮೇಲಾಗಿ ಸ್ಕ್ರೀನ್ ರೀಡರ್ ಹಾಕಿಕೊಂಡು ಕೇಳುವ ಅಂಧ ಓದುಗರಿಗೆ ಅದು ಬರೀ ಒಂದು ಪಟ. ಈ ಮಾತು ನನಗೆ ಹೇಳಿದ್ದು ಅಂಥ ಒಬ್ಬ ಓದುಗರೇ. ಅವತ್ತಿನಿಂದ ಯುನಿಕೋಡಿನಲ್ಲಿ ಅಕ್ಷರವಾಗಿಯೇ ಬರೆಯುತ್ತಿದ್ದೇನೆ.

ಎರಡನೇ ಸಲ ಅದು ಒಂದು ಆನ್‌ಲೈನ್ ಪತ್ರಿಕೆಯಲ್ಲಿ ಬಂತು. ಕೊಂಡಿಯನ್ನು ಫೇಸ್‌ಬುಕ್ಕಿಗೆ ಹಾಕಿದರೆ ಸುರಂಗದ ಪಟದ ಬದಲು ಪತ್ರಿಕೆಯ ಲಾಂಛನ ಮಾತ್ರ ಕಾಣುತ್ತಿತ್ತು. ಕೊಂಡಿಯ ಕೆಳಗೆ ಬರುವ ಪಟ, ತಲೆಬರಹ, ಎರಡು ಸಾಲನ್ನು ಫೇಸ್‌ಬುಕ್ ತಾನೇ ಆರಿಸುವುದಲ್ಲ. 2010ರಿಂದ ಅದಕ್ಕೆ ಓಪನ್ ಗ್ರಾಫ್ ಎಂಬ ಕ್ರಮ ಉಂಟು. ಯಾವ ಪಟ ತೋರಿಸಬೇಕು, ಯಾವ ತಲೆಬರಹ ಎಂದು ಪುಟ ಮಾಡುವವರು ಒಳಗೆ ಬರೆದಿಟ್ಟಿರಬೇಕು. ಸಂಪಾದಕರಿಗೆ ಫೋನ್ ಮಾಡಿದೆ. ಅವರು ಬೇಸರಿಸದೆ 1200ಕ್ಕೆ 630ರ ಅಳತೆಯ ಪಟ ಸೇರಿಸಿದರು. ಆದರೂ ಹಳೆಯ ಲಾಂಛನವೇ ಬರುತ್ತಿತ್ತು, ಯಾಕೆಂದರೆ ಫೇಸ್‌ಬುಕ್ ಮೊದಲು ಕಂಡದ್ದನ್ನು ನೆನಪಿಟ್ಟುಕೊಂಡಿರುತ್ತದೆ. ಶೇರಿಂಗ್ ಡಿಬಗ್ಗರ್ ಎಂಬ ಅವರದ್ದೇ ಪುಟದಲ್ಲಿ ಕೊಂಡಿ ಹಾಕಿ ಮತ್ತೊಮ್ಮೆ ಓದಿಸಿದ ಮೇಲೆ ಸುರಂಗದ ಬಾಯಿ ಕಾಣಿಸಿತು. ಊರಿನ ಬಗ್ಗೆ ಬರೆಯುವವರು ಇದನ್ನೊಂದು ತಿಳಿದುಕೊಳ್ಳಿ. ಹತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ಮುಖವಿಲ್ಲದ ಕೊಂಡಿಯನ್ನು ಯಾರೂ ಒತ್ತುವುದಿಲ್ಲ.

ಅಷ್ಟಾದರೂ ಓಡಿಸಿದ್ದು ಪಟವಲ್ಲ. ಕೆಳಗೆ ಒಬ್ಬರು ಒಂದು ಸಾಲು ಬರೆದರು: "ಊರಿನ ಹೆಸರು ಬಾಯಾರು, ಊರಲ್ಲಿ ಮಾತ್ರ ಬಾಯಾರಿದವರಿಲ್ಲ." ನನಗೆ ಹೊಳೆಯದ ಮಾತು. ಅಲ್ಲಿಂದ ಶುರು. ಆ ಸಾಲು ಹಾಕಿಕೊಂಡು ಪೆರ್ಲದವರೊಬ್ಬರು ಹಂಚಿದರು. "ನಮ್ಮ ಅಜ್ಜನ ಮನೆಯ ಸುರಂಗದಲ್ಲಿ ಬೇಸಿಗೆ ರಜೆಯಲ್ಲಿ ಅಡಗಿ ಆಡುತ್ತಿದ್ದೆವು" ಎಂದು ಷಾರ್ಜಾದಲ್ಲಿರುವ ಹುಡುಗ ಬರೆದ. ಒಬ್ಬರು ಟೀಚರ್ ತಮ್ಮ ಶಾಲೆಯ ಮಕ್ಕಳಿಗೆ ಮನೆಮನೆಯ ಸುರಂಗ ಎಣಿಸಿ ಬರಲಿಕ್ಕೆ ಹೇಳಿದರು. ಹಂಚಿದವರೆಲ್ಲ ತಮ್ಮದೊಂದು ಸಾಲು ಸೇರಿಸಿಯೇ ಹಂಚಿದ್ದರು. ಆ ಸಾಲಿಗೆ ಅವರ ಪರಿಚಯದವರು ಉತ್ತರ ಬರೆದರು, ಉತ್ತರ ಓದಲಿಕ್ಕೆ ಇನ್ನೊಬ್ಬರು ಬಂದರು. ಮೂರು ವಾರ ನಿಧಾನಕ್ಕೆ ನಡೆಯಿತು.

ಇದಕ್ಕೆ ಕಾರಣವೂ ಉಂಟು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಲೆಕ್ಕಾಚಾರ ಬದಲಿಸಿತು. ಪೇಜುಗಳು ಹಾಕಿದ್ದಕ್ಕಿಂತ ಸ್ನೇಹಿತರು, ಮನೆಯವರು ಹಾಕಿದ್ದು, ಅದರಲ್ಲೂ ಕೆಳಗೆ ಮಾತುಕತೆ ನಡೆಯುವಂಥದ್ದು ಮೇಲೆ ಕಾಣಬೇಕು ಎಂದು ಆಗ ಜುಕರ್‌ಬರ್ಗ್ ಪ್ರಕಟಿಸಿದರು. ಅದಕ್ಕೂ ತಿಂಗಳ ಮೊದಲು, "ಲೈಕ್ ಮಾಡಿ, ಶೇರ್ ಮಾಡಿ, ಐವರನ್ನು ಟ್ಯಾಗ್ ಮಾಡಿ" ಎಂದು ಬೇಡುವ ಪೋಸ್ಟುಗಳನ್ನು ಕೆಳಗೆ ತಳ್ಳುತ್ತೇವೆ ಎಂದೂ ಹೇಳಿದ್ದರು. ನಮ್ಮವರು ಇವತ್ತಿಗೂ "ಕನ್ನಡಿಗನಾಗಿದ್ದರೆ ಶೇರ್ ಮಾಡು" ಎಂದು ಬರೆಯುತ್ತಿದ್ದಾರೆ. ಬೇಡಿ ದಯವಿಟ್ಟು. ಅದರಿಂದ ಬರಹಕ್ಕೂ ಪ್ರಯೋಜನವಿಲ್ಲ, ಓದುವವರಿಗೂ ಮುಜುಗರ. ನಿಮ್ಮದೊಂದು ನೆನಪು ಬರೆದು ಹಂಚಿ, ಅದು ನಾಲ್ಕು ಜನರನ್ನು ಕರೆದುಕೊಂಡು ಬರುತ್ತದೆ.

ಅದೇ ಹೊತ್ತಿಗೆ ಒಂದು ದೊಡ್ಡ ಪೇಜಿನವರು ಸುರಂಗದ ಬಗ್ಗೆ ನಾನು ಮಾಡಿದ್ದ ವೀಡಿಯೊ ಎತ್ತಿಕೊಂಡು, ನನ್ನ ಮಾತು ಅಳಿಸಿ, ಹೆದರಿಸುವ ಸಂಗೀತ ಹಾಕಿ, "ಕೇರಳದ ನಿಗೂಢ ಗುಹೆ" ಎಂದು ಹರಿಯಬಿಟ್ಟರು. ನನ್ನ ಬರಹ ಮೂರು ವಾರದಲ್ಲಿ ಕಂಡ ಜನಕ್ಕಿಂತ ಹೆಚ್ಚು ಜನ ಅದನ್ನು ಒಂದೇ ದಿನದಲ್ಲಿ ನೋಡಿದರು. ಕೆಳಗಿನ ಕಮೆಂಟುಗಳಲ್ಲಿ ನಿಧಿ, ಭೂತ, ಹಾವು. ಯಾವ ಊರು ಎಂದು ಕೇಳಿದವರಿಗೆ ಉತ್ತರವೇ ಇಲ್ಲ. ದೂರು ಕೊಟ್ಟೆ, ತೆಗೆದರು, ಅಷ್ಟರಲ್ಲಿ ಇನ್ನು ಮೂರು ಕಡೆ ಹೋಗಿತ್ತು. ಇಡೀ ಬೇಸಿಗೆ ಬೆನ್ನು ಬಗ್ಗಿಸಿ, ಉಸಿರು ಕಟ್ಟಿ ನೀರು ತಂದವರ ಕೆಲಸ ಅದು. ಅದನ್ನು ಭೂತದ ಗುಹೆ ಮಾಡಿ ಲಕ್ಷ ಜನ ನೋಡಿದರೆ ಅವರಿಗಾಗಲಿ ಊರಿಗಾಗಲಿ ಬಂದ ಗೌರವ ಎಂತದು? ಇಂಥ ಹರಡುವಿಕೆ ನನಗೆ ಬೇಡ.

ಬೇಡಿಕೆ ಹರಡುವ ರೀತಿಯನ್ನೂ, ಸಿಟ್ಟು ಹರಡುವ ರೀತಿಯನ್ನೂ ನಾವು ನೋಡಿದ್ದೇವೆ. 2021ರ ಜೂನ್ ತಿಂಗಳು ನೆನಪಿದೆಯಾ? ತುಳುವಿಗೆ ಕರ್ನಾಟಕ, ಕೇರಳ ಎರಡೂ ರಾಜ್ಯಗಳಲ್ಲಿ ಅಧಿಕೃತ ಸ್ಥಾನ ಬೇಕೆಂದು ಟ್ವಿಟ್ಟರಿನಲ್ಲಿ ಅಭಿಯಾನ ನಡೆಯಿತು. ಒಂದು ದಿನ ಗೊತ್ತು ಮಾಡಿ, ಒಂದೇ ಹ್ಯಾಶ್‌ಟ್ಯಾಗ್ ಹಿಡಿದು, ಏನು ಬೇಕು, ಯಾಕೆ ಬೇಕು ಎಂದು ಬರೆದರು. ಅದೇ ತಿಂಗಳ ಕೊನೆಗೆ ಕಾಸರಗೋಡಿನ ಊರುಗಳ ಕನ್ನಡ ಹೆಸರು ಬದಲಾಗುತ್ತದೆ, ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ ಎಂಬ ಪಟ್ಟಿ ಹರಿದಾಡಿತು. ಕರ್ನಾಟಕದ ನಾಯಕರು ಟ್ವೀಟ್ ಮಾಡಿದರು, ಪತ್ರ ಬರೆದರು. ಅಂಥ ಪ್ರಸ್ತಾಪವೇ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಪಟ್ಟಿ ಹಂಚಿದವರಲ್ಲಿ ಎಷ್ಟು ಜನ ಈ ಉತ್ತರವನ್ನೂ ಹಂಚಿದರು? ನನ್ನ ಗುಂಪುಗಳಲ್ಲಿ ಒಬ್ಬರೂ ಇಲ್ಲ. ಹೆಸರಿನ ಬಗ್ಗೆ ನಮಗೆ ನೋವಿಲ್ಲ ಎಂದು ಹೇಳುತ್ತಿಲ್ಲ. ಬಸ್ಸಿನ ಬೋರ್ಡಿನಿಂದ ಹಿಡಿದು ಸರಕಾರಿ ಅರ್ಜಿಯವರೆಗೆ ಕನ್ನಡ ಹುಡುಕುತ್ತಾ ಬದುಕುವವರು ನಾವು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಪಾಡು. ಆದ್ದರಿಂದಲೇ ನಮ್ಮ ಮಾತು ಪೊಳ್ಳಾಗಬಾರದು. ಎಲ್ಲಿಂದ ಬಂತು ಎಂದು ಗೊತ್ತಿಲ್ಲದ್ದನ್ನು ಒಮ್ಮೆ ಹಂಚಿದರೆ, ಮುಂದೆ ನಿಜವಾದ ದೂರು ಹಂಚಿದಾಗಲೂ ನಂಬುವವರಿರುವುದಿಲ್ಲ.

ಮೊದಲೆಲ್ಲ ಹಂಚುವ ತಾಣಗಳೆಂದರೆ ಕೊಂಡಿಯ ತಾಣಗಳು. 2004ರ ಡಿಗ್, 2005ರ ರೆಡಿಟ್, ಎರಡರಲ್ಲೂ ಕೊಂಡಿ ಹಾಕುವುದು, ಮೆಚ್ಚಿದವರು ಮೇಲಕ್ಕೆತ್ತುವುದು. ಲೇಖನ ಅದರ ಮನೆಯಲ್ಲೇ ಇರುತ್ತಿತ್ತು, ಓದುವವರು ಅಲ್ಲಿಗೆ ಹೋಗುತ್ತಿದ್ದರು. ಈಗ ಬರಹವನ್ನೇ ಕಿತ್ತು ತರುತ್ತೇವೆ. ವಾಟ್ಸಾಪ್ 2018ರ ಜುಲೈಯಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ಮಾಡಿತು. 2020ರ ಏಪ್ರಿಲಿನಿಂದ ತುಂಬ ಸಲ ಫಾರ್ವರ್ಡ್ ಆದದ್ದು ಒಂದು ಸಲಕ್ಕೆ ಒಂದೇ ಕಡೆಗೆ ಹೋಗುತ್ತದೆ. ಸುಳ್ಳು ಸುದ್ದಿಯಿಂದ ಜೀವ ಹೋಗುತ್ತಿದ್ದಾಗ ಅದು ಬೇಕಿತ್ತು. ಆದರೆ ನಮ್ಮವರು ಏನು ಮಾಡುತ್ತಾರೆ? ಕಾಪಿ ಮಾಡಿ ಹೊಸ ಮೆಸೇಜಾಗಿ ಅಂಟಿಸುತ್ತಾರೆ. ಅಂಟಿಸುವಾಗ ಮೇಲಿನ ಸಾಲು, ಕೆಳಗಿನ ಸಾಲು ಬಿಟ್ಟುಹೋಗುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ, ಬೆರಳು ಸರಿಯಾಗಿ ಎಳೆಯದಿದ್ದರೂ ಸಾಕು.

ಹಾಗಾಗಿ ನಾನೀಗ ಊರಿನ ಹೆಸರು, ನನ್ನ ಹೆಸರು, ಎಲ್ಲಿ ಬರೆಯಬೇಕು ಎಂಬುದನ್ನು ಬರಹದ ನಡುವಿನ ವಾಕ್ಯಗಳಲ್ಲೇ ಹೆಣೆಯುತ್ತೇನೆ. ತುದಿ ಕತ್ತರಿಸಿದರೂ ನಡು ಉಳಿಯುತ್ತದೆ. ವೀಡಿಯೊದಲ್ಲಿ "ಬಾಯಾರು, ಮಂಜೇಶ್ವರ ತಾಲೂಕು" ಎಂಬ ಅಕ್ಷರ ಮೂಲೆಯಲ್ಲಿರುವುದಿಲ್ಲ, ನೀರು ಹರಿಯುವ ಜಾಗದ ಪಕ್ಕದಲ್ಲೇ ಇರುತ್ತದೆ. ಪಟಗಳನ್ನು ವಿಕಿಮೀಡಿಯಾ ಕಾಮನ್ಸಿಗೆ ಹಾಕಿದ್ದೇನೆ. ಯಾರು ಬೇಕಾದರೂ ಬಳಸಲಿ, ಎಲ್ಲಿಯದು ಎಂದು ಹೇಳಿ ಬಳಸಲಿ. ಬರಹದ ಒಂದು ಪ್ರತಿ ನನ್ನಲ್ಲಿ ಬೇರೆಯೇ ಇದೆ. ಟಿಕ್‌ಟಾಕ್ 2020ರ ಜೂನ್ 29ಕ್ಕೆ ನಿಷೇಧವಾದಾಗ ಪಕ್ಕದ ಮನೆಯ ಹುಡುಗಿ ಎರಡು ವರ್ಷ ಹಾಕಿದ್ದ ತುಳು ಪಾಡ್ದನದ (ಜನಪದ ಕಥನಗೀತೆಯ) ತುಣುಕುಗಳೆಲ್ಲ ಹೋದವು. ಬೆಂಗಳೂರಿನಲ್ಲಿ ಹುಟ್ಟಿದ, ಟ್ವಿಟ್ಟರಿನಂಥದ್ದೇ ತಾಣ ಕೂ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಅಲ್ಲಿ ದಿನಕ್ಕೊಂದು ಕನ್ನಡ ಗಾದೆ ಬರೆಯುತ್ತಿದ್ದ ಹಿರಿಯರೊಬ್ಬರು "ಇನ್ನೊಮ್ಮೆ ಬರೆಯಲಿಕ್ಕೆ ಕೈ ಬರುವುದಿಲ್ಲ ಮಗಳೇ" ಎಂದಿದ್ದರು. ಊರಿನ ನೆನಪನ್ನು ಬಾಡಿಗೆ ಮನೆಯಲ್ಲಿ ಮಾತ್ರ ಇಡಬೇಡಿ.

ಬೆಂಗಳೂರು, ಮುಂಬೈ, ಗಲ್ಫಿನಲ್ಲಿರುವ ಕಾಸರಗೋಡಿನ ಕನ್ನಡಿಗರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಊರಿನ ಬರಹ ಇಷ್ಟವಾದರೆ ಮೂಲದ ಕೊಂಡಿಯನ್ನೇ ಕಳಿಸಿ. ಜೊತೆಗೆ ನಿಮ್ಮ ಎರಡು ಸಾಲು ಬರೆಯಿರಿ, ತಪ್ಪಿಲ್ಲದ ಕನ್ನಡವೇ ಆಗಬೇಕೆಂದಿಲ್ಲ. ಇನ್ನೂರು ಜನರ ಗುಂಪಿಗೆ ಹಾಕುವ ಮೊದಲು, ಅದು ನಿಜವಾಗಿ ಬೇಕಾದ ಒಬ್ಬರಿಗೆ ಕಳಿಸಿ.

ತಂಗಿಗೆ ಫೋನ್ ಮಾಡಿ "ಅದು ನಾನೇ ಬರೆದದ್ದು ಮಾರಾಯ್ತಿ" ಎಂದೆ. ಅವಳಿಗೆ ತುಂಬ ಬೇಜಾರಾಯಿತು. ಅವಳಿಗೆ ಅದು ಬಂದದ್ದು ಆಫೀಸಿನ ಕನ್ನಡಿಗರ ಗುಂಪಿನಿಂದಂತೆ. ಅಲ್ಲಿಗೇ ಮೂಲದ ಕೊಂಡಿ ಹಾಕಿ, "ಇದು ನನ್ನ ಅಕ್ಕ ಬರೆದದ್ದು, ಚಿಕ್ಕಂದಿನಲ್ಲಿ ಆ ಸುರಂಗದ ನೀರು ಕೈಯಲ್ಲಿ ಹಿಡಿದು ಕುಡಿದಿದ್ದೇನೆ" ಎಂದು ಬರೆದಳು. ಇವತ್ತು ಬೆಳಗ್ಗೆ ಕೊಂಡಿಯ ಕೆಳಗೆ ಹೊಸ ಸಾಲು ಬಂದಿತ್ತು. ಬರೆದವರ ತಾಯಿಯ ಮನೆ ಅಡೂರಿನ ಹತ್ತಿರ: "ನಮ್ಮದು 60 ಕೋಲು. ಅಮ್ಮನ ಅಪ್ಪ ಮತ್ತು ಅವರ ತಮ್ಮ ಎರಡು ಬೇಸಿಗೆ ತೋಡಿದ್ದು. ಏಪ್ರಿಲಿನಲ್ಲೂ ಬೆರಳು ದಪ್ಪ ನೀರು ಬರುತ್ತದೆ." ನನ್ನ ಪಟ್ಟಿಯಲ್ಲಿ ಅದು 43ನೆಯ ಸುರಂಗ.