ಎರಡು ಸರ್ಕಾರಿ ಎಣ್ಣೆ ಅಂಗಡಿ

ಗೋಥೆನ್‌ಬರ್ಗಿಗೆ ಬಂದ ಹೊಸದರಲ್ಲಿ ಒಂದು ಶನಿವಾರ ರಾತ್ರಿ ಊಟಕ್ಕೆ ಗೆಳೆಯರನ್ನು ಕರೆದಿದ್ದೆ. ವೈನ್ ತರೋಣ ಅಂತ ನಾಲ್ಕು ಗಂಟೆಗೆ ಹೋದರೆ ಅಂಗಡಿ ಬಾಗಿಲು ಹಾಕಿತ್ತು. ಸ್ವೀಡನ್ನಿನಲ್ಲಿ ಶೇ 3.5ಕ್ಕಿಂತ ಖಡಕ್ಕಾದದ್ದನ್ನು ಮನೆಗೆ ಕೊಂಡೊಯ್ಯಬೇಕಾದರೆ ಹೆಚ್ಚುಕಮ್ಮಿ ಸಿಸ್ಟೆಂಬೊಲಾಗೆಟ್ ಎಂಬ ಸರ್ಕಾರಿ ಅಂಗಡಿಯೇ ಗತಿ. ಶನಿವಾರ ಮಧ್ಯಾಹ್ನ 3ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ. ವಯಸ್ಸು 20 ತುಂಬಿರಬೇಕು. ಎರಡು ಕೊಂಡರೆ ಒಂದು ಫ್ರೀ ಅನ್ನೋ ಮಾತೇ ಇಲ್ಲ. ಬಿಯರ್ ಕೂಡ ತಣ್ಣಗಿರೋದಿಲ್ಲ, ದಾರಿಯಲ್ಲೇ ಮುಚ್ಚಳ ತೆಗೆಯುವ ಆಸೆ ಅಲ್ಲಿಗೇ ಸಾಯುತ್ತದೆ.

ನಮ್ಮ ಎಂಎಸ್‌ಐಎಲ್ ಮಳಿಗೆಯೂ ಸರ್ಕಾರದ್ದೇ. 2007ರಲ್ಲಿ ಸಾರಾಯಿ ನಿಲ್ಲಿಸಿದರು, ಹೆಂಗಸರು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿ ಕುಡಿಯುತ್ತಿದ್ದ ಕೈಗೆ ಅಗ್ಗದ ವಿಸ್ಕಿಯ 90 ಎಂಎಲ್ ಟೆಟ್ರಾ ಪ್ಯಾಕ್ ಬಂತು. ನಮ್ಮ ದೊಡ್ಡಪ್ಪನ ಮಗ ಅದನ್ನು ಅಂಗಿ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕ ಇಟ್ಟುಕೊಳ್ಳುತ್ತಿದ್ದ. ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು, ನೀರೂ ಬೆರೆಸದೆ ಒಂದೇ ಗುಟುಕು. ಬೆಳಿಗ್ಗೆ ಆರಕ್ಕೇ ಊರಿನ ಚಿಲ್ಲರೆ ಅಂಗಡಿಯಲ್ಲಿ ಬೆಲ್ಲ, ಸೋಪಿನ ಜೊತೆ ಅದೂ ಸಿಗುತ್ತಿತ್ತು, ಎರಡು ಕಾಸು ಹೆಚ್ಚಿಗೆ ಕೊಟ್ಟರಾಯಿತು.

ಬಿಡಬೇಕು ಅಂತ ಅವನು ಒಂದು ವರ್ಷ ಅಯ್ಯಪ್ಪನ ಮಾಲೆ ಹಾಕಿದ. ಮೂರನೇ ದಿನಕ್ಕೆ ಕೈ ಗಡಗಡ ನಡುಕ, ಗೋಡೆ ತುಂಬ ಇರುವೆ ಹರಿಯುತ್ತಿದೆ ಅಂತ ಕೂಗಾಟ, ರಾತ್ರಿ ಫಿಟ್ಸ್. ಊರವರು ಗಾಳಿ ಅಂದರು. ವರ್ಷಗಟ್ಟಲೆ ಕುಡಿದ ಮೈ ಒಮ್ಮೆಗೇ ಬಿಟ್ಟರೆ ಹೀಗಾಗುತ್ತದೆ, ಪ್ರಾಣಕ್ಕೂ ಕುತ್ತು, ಆಸ್ಪತ್ರೆಯಲ್ಲಿಟ್ಟು ಮಾತ್ರೆ ಕೊಟ್ಟು ಬಿಡಿಸಬೇಕು ಅಂತ ಹೇಳುವವರು ಅಲ್ಲಿ ಯಾರಿದ್ದರು? ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಗುತ್ತಿದೆ ಅಂತ 2019ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಇವನು ಉಳಿದ 37ರಲ್ಲಿ ಒಬ್ಬ. ಲಿವರ್ ಕೆಟ್ಟು ತೀರಿಹೋದ.

ಇಲ್ಲಿ ನಮ್ಮ ಆಫೀಸಿನಲ್ಲೂ ಒಬ್ಬರು ಕುಡಿತಕ್ಕೆ ಬಿದ್ದಿದ್ದರು. ಕೆಲಸದಿಂದ ಕಿತ್ತುಹಾಕಲಿಲ್ಲ, ಚಿಕಿತ್ಸೆಗೆ ಕಳಿಸಿದರು. ನೌಕರರನ್ನು ಹಾಗೆ ದಾರಿಗೆ ತರುವ ಹೊಣೆ ಕಂಪನಿಯ ಮೇಲೂ ಇದೆ. ಇದನ್ನೆಲ್ಲ ಹೇಳಿ ಸ್ವೀಡನ್ನಿಗೆ ಆರತಿ ಎತ್ತುತ್ತಿಲ್ಲ. ಶುಕ್ರವಾರ ರಾತ್ರಿಯ ಟ್ರಾಮ್ ಹತ್ತಿದರೆ ಗೊತ್ತಾಗುತ್ತದೆ. ಜರ್ಮನಿಗೆ ಹಡಗಿನಲ್ಲಿ ಹೋಗಿ ಕಾರಿನ ಡಿಕ್ಕಿ ತುಂಬ ಬಿಯರ್ ಹೇರಿಕೊಂಡು ಬರುವವರು ನನ್ನ ಬಿಲ್ಡಿಂಗಿನಲ್ಲೇ ಇದ್ದಾರೆ. ಇನ್ನು ಡ್ರಗ್ಸ್ ವಿಷಯದಲ್ಲಿ ಈ ಜಾಣತನ ಇವರಿಗೂ ಇಲ್ಲ: 1988ರಿಂದ ಸೇವನೆಯೇ ಅಪರಾಧ, ಆದರೂ ಅದರಿಂದ ಸಾಯುವವರ ಪ್ರಮಾಣ ಯುರೋಪಿನಲ್ಲಿ ಮೇಲಿನ ಸಾಲಿನಲ್ಲೇ ಇದೆ.

ಸಂಪೂರ್ಣ ಪಾನನಿಷೇಧದ ಮೇಲೆ ನನಗೆ ನಂಬಿಕೆಯಿಲ್ಲ. 2008ರಲ್ಲಿ ಬೆಂಗಳೂರು, ಕೋಲಾರದ ಕಡೆ ಕಳ್ಳಭಟ್ಟಿ ಎಷ್ಟು ಮನೆ ತೆಗೆಯಿತು ಅನ್ನೋದು ಮರೆತಿಲ್ಲ. ನನ್ನ ತಕರಾರು ಗುರಿಯ ಬಗ್ಗೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಗೆ 40,000 ಕೋಟಿ ರೂಪಾಯಿಯ ಗುರಿ ಇತ್ತು. ಇಷ್ಟು ಜನರಿಗೆ ಕುಡಿತ ಬಿಡಿಸುತ್ತೇವೆ ಅನ್ನೋ ಗುರಿ ಯಾವ ಪುಟದಲ್ಲಿತ್ತು?

ಹೋದ ಸಲ ಊರಿಗೆ ಹೋದಾಗ ಅತ್ತಿಗೆಗೆ ಇಲ್ಲಿಯ ಅಂಗಡಿಯ ಕತೆ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. “ಶನಿವಾರ ಮೂರಕ್ಕೆ ಮುಚ್ಚಿದ್ರೆ ಸೋಮವಾರ ಹತ್ತಕ್ಕಾ?” ಅಂತ ಕೇಳಿ ಬೆರಳು ಮಡಚಿ ಎಣಿಸಿದರು. “ನಮ್ಮಲ್ಲಿ ಶನಿವಾರನೇ ಬಟವಾಡೆ,” ಅಂದರು.